ಸರಳತೆಯ ಹಿಂದಿನ ಸೆನ್ಸಾರು

1815ರ ವಿಯೆನ್ನಾ ಸಮ್ಮೇಳನದಿಂದ 1848ರ ಕ್ರಾಂತಿಯವರೆಗೆ ಆಸ್ಟ್ರಿಯಾ ಮತ್ತು ಜರ್ಮನ್ ಸಂಸ್ಥಾನಗಳ ಮಧ್ಯಮ ವರ್ಗದ ಮನೆಗಳಲ್ಲಿ ಬೆಳೆದ ಪೀಠೋಪಕರಣ, ಚಿತ್ರಕಲೆ ಮತ್ತು ಒಳಾಂಗಣದ ಶೈಲಿಗೆ ಬೀಡರ್‌ಮೈಯರ್ ಎಂದು ಹೆಸರು. ಆ ಮನೆಗಳಲ್ಲಿದ್ದವರಿಗೆ ಈ ಹೆಸರು ಗೊತ್ತಿರಲಿಲ್ಲ. 1855ರಿಂದ ಮ್ಯೂನಿಕ್‌ನ ಹಾಸ್ಯಪತ್ರಿಕೆಯೊಂದರಲ್ಲಿ ಬಂದ ಅಣಕು ಪದ್ಯಗಳ ಕಲ್ಪಿತ ಕವಿ, ಒಬ್ಬ ಹಳ್ಳಿ ಮೇಷ್ಟ್ರು, ಅದರ ಮೂಲ. ಅಂದಿನ ಗೇಲಿಯೇ ಇಂದು ಹರಾಜಿನಲ್ಲಿ ಬೆಲೆ ಏರಿಸುತ್ತದೆ.

ಕೆಲಸವೇನೋ ಅಚ್ಚುಕಟ್ಟಿನದು. ಚೆರಿ, ವಾಲ್‌ನಟ್, ಪೇರ್ ಮರಗಳನ್ನು ತೆಳ್ಳಗೆ ಸೀಳಿ, ಒಂದೇ ದಿಮ್ಮಿಯ ಹಾಳೆಗಳನ್ನು ಎಡಬಲಕ್ಕೆ ಜೋಡಿಸಿ ಅಂಟಿಸುತ್ತಿದ್ದರು. ಮರದ ಗೆರೆಗಳೇ ಅಲಂಕಾರ, ಕೆತ್ತನೆ ತೀರಾ ಕಡಿಮೆ. ಬರವಣಿಗೆಯ ಬೀರುವಿನ ಮುಂಬಾಗಿಲನ್ನು ಕೆಳಕ್ಕೆ ಇಳಿಸಿದರೆ ಅದೇ ಮೇಜು. ಒಳಗೆ ಪುಟ್ಟ ಖಾನೆಗಳು, ಕೆಲವಕ್ಕೆ ಕಳ್ಳಖಾನೆಗಳೂ ಇದ್ದವು. ವಿಯೆನ್ನಾದಲ್ಲಿ ಡಾನ್‌ಹೌಸರ್ ಕಾರ್ಖಾನೆ ಇಂಥವನ್ನು ಬಗೆಬಗೆಯಾಗಿ ತಯಾರಿಸಿತು. ಸ್ಪ್ರಿಂಗ್ ಹಾಕಿದ ಮೆತ್ತೆಗೆ 1822ರಲ್ಲಿ ಅದೇ ನಗರದಲ್ಲಿ ಪೇಟೆಂಟ್ ಸಿಕ್ಕಿತು.

ಹೊಳಪು ಕಾಗದದ ಒಳಾಂಗಣ ಪತ್ರಿಕೆಗಳು ಇಷ್ಟು ಹೇಳಿ, 'ಎಂಥ ಸರಳತೆ!' ಎಂದು ಕೈತೊಳೆದುಕೊಳ್ಳುತ್ತವೆ. ಜನ ಮನೆಯೊಳಗೆ ಸೇರಿಕೊಂಡದ್ದು ಏಕೆಂಬ ಪ್ರಶ್ನೆಗೆ ಅವುಗಳಲ್ಲಿ ಜಾಗವಿಲ್ಲ. ಜರ್ಮನ್ ಸಂಸ್ಥಾನಗಳು ಒಪ್ಪಿಕೊಂಡ 1819ರ ಕಾರ್ಲ್ಸ್‌ಬಾಡ್ ಕಟ್ಟಳೆಗಳ ಪ್ರಕಾರ 20 ಫಾರಂ, ಅಂದರೆ ಸುಮಾರು 320 ಪುಟ, ದಾಟದ ಯಾವ ಪ್ರಕಟಣೆಯೂ ಸೆನ್ಸಾರಿನ ಒಪ್ಪಿಗೆಯಿಲ್ಲದೆ ಅಚ್ಚಾಗುವಂತಿರಲಿಲ್ಲ. ದಪ್ಪ ಪುಸ್ತಕ ಓದುವವರು ಕಡಿಮೆ, ಕರಪತ್ರ ಓದುವವರು ಹೆಚ್ಚು ಎಂಬುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ಮನೆಯೊಳಗೂ ನಿಶ್ಚಿಂತೆಯಿರಲಿಲ್ಲ: 1820ರಲ್ಲಿ ಕವಿ ಯೋಹಾನ್ ಸೆನ್ ಕೋಣೆಗೆ ಪೊಲೀಸರು ನುಗ್ಗಿದಾಗ ಸಂಗೀತಕಾರ ಶೂಬರ್ಟ್ ಅಲ್ಲೇ ಇದ್ದ. ಅವನನ್ನು ಬೇಗ ಬಿಟ್ಟರು. ಸೆನ್ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು ಗಡೀಪಾರಾದ.

ಈ ಶೈಲಿ ಮೊದಲು ಹುಟ್ಟಿದ್ದು ಅರಮನೆಯ ಖಾಸಗಿ ಕೋಣೆಗಳಲ್ಲಿ ಎಂಬ ವಾದವನ್ನು ಅಮೆರಿಕದ ಮಿಲ್ವಾಕೀ ನಗರದಲ್ಲಿ 2006ರಲ್ಲಿ ನಡೆದ ಬೀಡರ್‌ಮೈಯರ್ ಪ್ರದರ್ಶನ ಮುಂದಿಟ್ಟಿತು. ಇರಬಹುದು. ಆದರೆ ದೊರೆಗೆ ಸಾದಾ ಕುರ್ಚಿ ಒಂದು ಆಯ್ಕೆ. ಗುಮಾಸ್ತನಿಗೆ ಆ ಕೋಣೆಯೇ ಉಳಿದ ಲೋಕ. ಕಾರ್ಲ್ ಸ್ಪಿಟ್ಸ್‌ವೆಗ್ 1839ರಲ್ಲಿ ಬರೆದ 'ಬಡ ಕವಿ' ಚಿತ್ರದಲ್ಲಿ ಅಟ್ಟದ ಮೇಲಿನ ಹಾಸಿಗೆಗೆ ತೆರೆದ ಕೊಡೆಯೇ ಸೂರು, ಒಲೆಯ ಬಾಯಿಗೆ ಹಸ್ತಪ್ರತಿಗಳ ಕಟ್ಟು. ಈ ಕಾಲವನ್ನು ಬರೀ ನೆಮ್ಮದಿಯ ಕಾಲ ಎನ್ನುವವರು ಆ ಚಿತ್ರವನ್ನು ಸರಿಯಾಗಿ ನೋಡಿಲ್ಲ.

1848ರ ಮಾರ್ಚ್‌ನಲ್ಲಿ ಕ್ರಾಂತಿ ಎದ್ದಾಗ, ಆ ಸೆನ್ಸಾರು ಕಟ್ಟಳೆಗಳ ಹಿಂದಿದ್ದ ಆಸ್ಟ್ರಿಯಾದ ಚಾನ್ಸಲರ್ ಮೆಟರ್ನಿಕ್ ವಿಯೆನ್ನಾ ಬಿಟ್ಟು ಓಡಿದ. ಶ್ರೀಮಂತರ ಮನೆಗಳಿಗೆ ಸುರುಳಿ ಕೆತ್ತನೆಯ ಕುರ್ಚಿಗಳು ಮರಳಿದವು. ಈ ಸಂಚಿಕೆಯ ವಿಶೇಷ ವಿಭಾಗ ಬೀಡರ್‌ಮೈಯರ್‌ಗೆ ಮೀಸಲು. ಸೋಫಾದ ಬೆಲೆ ತಿಳಿಯಬಯಸುವವರು ಬೇರೆ ಪತ್ರಿಕೆ ಕೊಳ್ಳಬಹುದು.