ಯಾರ ಮನೆ ಉಳಿಯಬೇಕು?

ಆಲಮಟ್ಟಿ ಜಲಾಶಯಕ್ಕೆ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರು. 1964ರ ಮೇ 22ರಂದು ಅಡಿಗಲ್ಲು ಹಾಕಿದಾಗ ಅವರಿನ್ನೂ ಪ್ರಧಾನಿಯಲ್ಲ, ಖಾತೆಯಿಲ್ಲದ ಮಂತ್ರಿ. ದೇಶದ ಗೃಹ ಮಂತ್ರಿಯಾಗಿದ್ದೂ ಸ್ವಂತ ಮನೆ ಇಲ್ಲದವರೆಂದು ಹೆಸರಾದವರು. ಅಂಥವರ ಹೆಸರಿನ ನೀರಿಗೆ ಸಾವಿರಾರು ಮನೆಗಳು ಜಾಗ ಬಿಟ್ಟುಕೊಟ್ಟವು. ದೊಡ್ಡವರ ಮನೆಯನ್ನು ಸ್ಮಾರಕ ಮಾಡಬೇಕೇ ಎಂಬ ಪ್ರಶ್ನೆ ಇಲ್ಲಿ ಎದ್ದರೆ, ಮಿಕ್ಕವರ ಮನೆಗಳ ಪ್ರಶ್ನೆಯೂ ಜೊತೆಗೇ ಏಳುತ್ತದೆ.

ಅಂಥ ದೊಡ್ಡವರು ನಮ್ಮ ಸೀಮೆಯಲ್ಲೂ ಇದ್ದರು, ರಾಷ್ಟ್ರಪತಿ ಹುದ್ದೆ ನಿಭಾಯಿಸಿದವರು. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿ 1977ರ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಜಮಖಂಡಿ ಪುರಸಭೆಯಿಂದ ಹೊರಟು ಮೈಸೂರಿನ ಮುಖ್ಯಮಂತ್ರಿಯಾಗಿ, ಪುದುಚೇರಿ, ಒಡಿಶಾ ದಾಟಿ ದಿಲ್ಲಿ ಸೇರಿದ ಬದುಕು ಅದು. ಆದರೆ ಸರ್ಕಾರಿ ಬಂಗಲೆಗಳ ಈ ಸಾಲು ಅವರನ್ನು ಅಷ್ಟಾಗಿ ಪರಿಚಯಿಸುವುದಿಲ್ಲ. ನನಗಂತೂ ಅವರು ರಾಜ್ಯದ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿದ್ದದ್ದೇ ಹೆಚ್ಚು ಮುಖ್ಯ. ಅವರು ಬಾಳಿದ ಮನೆಯನ್ನು ತೋರಿಸುವವರು ಅಲ್ಲಿ ಒಬ್ಬ ಗೇಣಿ ರೈತನ ಮನೆಯ ಕಥೆಯನ್ನೂ ಹೇಳದಿದ್ದರೆ, ಉಳಿಯುವುದು ಕುರ್ಚಿ, ಕನ್ನಡಕ, ಹಾರ ಹಾಕಿದ ಪಟ ಅಷ್ಟೇ.

ದೊಡ್ಡವರ ಮನೆಯಲ್ಲಿ ಮಿಕ್ಕವರ ಕಥೆಯನ್ನೂ ಹೇಳಬೇಕೆಂಬುದನ್ನು ಅಮೆರಿಕದವರು ನಿಧಾನವಾಗಿ ಕಲಿತರು. ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಮನೆಯನ್ನು 1858ರಲ್ಲಿ ಮಹಿಳೆಯರ ಸಂಘವೊಂದು ಎರಡು ಲಕ್ಷ ಡಾಲರಿಗೆ ಕೊಂಡು ಕಾಪಾಡಿತು. 1799ರಲ್ಲಿ ಆತ ತೀರಿಕೊಂಡಾಗ ಆ ಎಸ್ಟೇಟಿನಲ್ಲಿ 317 ಗುಲಾಮರಿದ್ದರೆಂಬ ಸಂಗತಿ ಬಹುಕಾಲ ಬದಿಗೇ ಉಳಿದಿತ್ತು. ಫಿಲಡೆಲ್ಫಿಯಾದಲ್ಲಿ ಆತ ಅಧ್ಯಕ್ಷನಾಗಿ ವಾಸಿಸಿದ ಮನೆಯಂತೂ ಹತ್ತೊಂಬತ್ತನೇ ಶತಮಾನದಲ್ಲೇ ನೆಲಸಮವಾಗಿತ್ತು. 2007ರಲ್ಲಿ ಅಗೆದಾಗ ಅಡಿಪಾಯ ಸಿಕ್ಕಿತು. 2010ರಲ್ಲಿ ಅದೇ ಜಾಗದಲ್ಲಿ ಬರೀ ಗೋಡೆ, ಕಿಟಕಿಗಳ ಚೌಕಟ್ಟು ನಿಲ್ಲಿಸಿ, ಆ ಮನೆಯಲ್ಲಿ ದುಡಿದ ಒಂಬತ್ತು ಗುಲಾಮರ ಹೆಸರು ಕೆತ್ತಿದರು. ಮನೆಯೇ ಇಲ್ಲದ ಆ ಜಾಗ, ಜೋಪಾನ ಮಾಡಿದ ಮನೆಗಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅನಿಸಿಕೆ.

ಮುಳುಗಡೆ ಊರುಗಳಲ್ಲಿ ಎಲ್ಲವನ್ನೂ ಉಳಿಸಲು ಬರುವುದಿಲ್ಲ, ನಿಜ. ಆದರೆ ಮನಸ್ಸು ಮಾಡಿದರೆ ನೀರನ್ನೂ ತಡೆಯಬಹುದೆಂದು ಕೃಷ್ಣಾ ತೀರವೇ ತೋರಿಸಿದೆ. ನಾರಾಯಣಪುರದ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಕಾಪಾಡಿದರು. ಸರಿಯಾದ ಕೆಲಸವೇ. ಇತ್ತ ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಓಣಿಗಳು ಹೋದವು. ಓಣಿಯ ಹೆಸರಿದ್ದಲ್ಲಿ ನವನಗರದ ಸೆಕ್ಟರ್ ನಂಬರ್ ಬಂತು. ಹಳ್ಳಿಯವರು ತೊಲೆ, ಬಾಗಿಲು ಕಿತ್ತೊಯ್ಯಬಹುದು. ನೆಲದೊಳಗಿನ ಜೋಳದ ಹಗೇವು ಹೊತ್ತೊಯ್ಯಲು ಬರುವುದಿಲ್ಲ.

ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಇನ್ನಷ್ಟು ಊರುಗಳ ಬಾಗಿಲಲ್ಲಿದೆ. ಪರಿಹಾರಕ್ಕಾಗಿ ಮನೆಮನೆಯ ಅಳತೆ, ಮಾಲೀಕರ ಹೆಸರು ಬರೆದುಕೊಳ್ಳಲೇಬೇಕು. ಆ ಕಡತಗಳನ್ನು ಕಪಾಟಿಗೆ ಸೇರಿಸದೆ, ಊರಿನ ನಕ್ಷೆಯೊಂದಿಗೆ ಆಲಮಟ್ಟಿಯ ಉದ್ಯಾನದಲ್ಲಿ ಎಲ್ಲರಿಗೂ ಕಾಣುವಂತೆ ಇಡಬಹುದಲ್ಲ? ಖರ್ಚು ಹೆಚ್ಚಲ್ಲ. ತೊಡಕು ಬೇರೆ ಕಡೆ ಇದೆ: ತಮ್ಮ ಹೆಸರಿನಲ್ಲಿ ಮನೆಯಿಲ್ಲದ ಕೂಲಿಯವರು, ಇನ್ನೊಬ್ಬರ ಹಿತ್ತಲಲ್ಲಿ ಗುಡಿಸಲು ಹಾಕಿದವರು ಆ ಕಡತದಲ್ಲೂ ಇರುವುದಿಲ್ಲ. ಅವರ ಹೆಸರನ್ನು ಊರಿನವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು, ಊರು ಖಾಲಿಯಾಗುವ ಮುಂಚೆ.