ಕಿಳ್ಳೇಕ್ಯಾತನನ್ನು ಎಲ್ಲಿ ಬಿಟ್ಟೆವು?

ಹಾಸನ ಜಿಲ್ಲೆಯ ಹರದನಹಳ್ಳಿ ಕಡೆಯವರಿಗೆ ಮೈಸೂರೇನು ದೂರವಲ್ಲ, ಹೊಳೆನರಸೀಪುರದಲ್ಲಿ ರೈಲು ಹತ್ತಿದರಾಯಿತು. ಹೋದವರು ಅರಮನೆ, ಮೃಗಾಲಯ ನೋಡಿಕೊಂಡು ಬರುತ್ತಾರೆ. ಗೊಂಬೆ ನೋಡಲೆಂದೇ ಹೋಗುವವರು ಕಡಿಮೆ. ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯವಿರಲಿ, ರಾಮನಗರದ ಜಾನಪದ ಲೋಕವಿರಲಿ, ತೊಗಲುಗೊಂಬೆಗಳ ಎದುರು ನಿಂತಾಗ ಗಮನಿಸಬೇಕಾದದ್ದು ಅವುಗಳ ಅಳತೆ. ದೇವರು, ರಾಜರು ದೊಡ್ಡವರು, ಆಳುಕಾಳು ಚಿಕ್ಕವರು. ಪದವಿಗೆ ತಕ್ಕ ಗಾತ್ರ. ಆದರೆ ದೀಪ ಹಚ್ಚಿ ಆಟ ಶುರುವಾದರೆ ದೊಡ್ಡವರು ಬಹುಮಟ್ಟಿಗೆ ಪರದೆಗೆ ಆತು ನಿಂತೇ ಇರುತ್ತಾರೆ. ಕೈಕಾಲು ಬೀಸಿಕೊಂಡು ಬರುವವನು ಡೊಳ್ಳುಹೊಟ್ಟೆಯ ಕಿಳ್ಳೇಕ್ಯಾತ, ಅವನ ಬೆನ್ನಿಗೇ ಬಂಗಾರಕ್ಕ. ಗಂಡಹೆಂಡಿರ ಜಗಳದಲ್ಲಿ ಊರ ಯಜಮಾನ, ಸಂತೆಯ ಧಾರಣೆ, ಬಾರದ ಮಳೆ ಎಲ್ಲ ಬಂದುಹೋಗುತ್ತವೆ. ರಾಮಾಯಣಕ್ಕೆ ಇವರು ಬೇಕಿಲ್ಲ, ಆಟಕ್ಕೆ ಬೇಕು. ಗೊಂಬೆ ಆಡಿಸುವ ಸಮುದಾಯವನ್ನೇ ಜನ ಕಿಳ್ಳೇಕ್ಯಾತನ ಹೆಸರಿನಿಂದ ಕರೆದರು.

ಇದು ತೊಗಲುಗೊಂಬೆಯ ಮಾತಾಯಿತು. ಈ ಸಂಚಿಕೆಯ ಮುಖ್ಯ ಲೇಖನ ಕೈಗೊಂಬೆಯದು: ತೋರುಬೆರಳು ಗೊಂಬೆಯ ತಲೆಯೊಳಗೆ, ಹೆಬ್ಬೆರಳು, ನಡುಬೆರಳು ತೋಳುಗಳೊಳಗೆ. ನಮಗೆ ಹತ್ತಿರದ ಪರಂಪರೆಯೆಂದರೆ ಕೇರಳದ ಪಾಲಕ್ಕಾಡಿನ ಪಾವಕಥಕಳಿ. ಇನ್ನೇನು ಹೋಯಿತು ಎನ್ನುವಾಗ ಕಲಾವಿದ ಜಿ. ವೇಣು ಅದನ್ನು ಉಳಿಸಿಕೊಂಡರು. ತೈವಾನಿನ ಕಥೆ ಬೇರೆ. ಗುಡಿಯಂಗಳದ ಕೈಗೊಂಬೆಯನ್ನು ಹುವಾಂಗ್ ಜುನ್‌ಶಿಯೊಂಗ್ 1970ರಲ್ಲಿ ಟಿವಿ ಧಾರಾವಾಹಿ ಮಾಡಿದರು. ಜನ ಗದ್ದೆ, ಕಾರ್ಖಾನೆ ಬಿಟ್ಟು ಟಿವಿ ಮುಂದೆ ಕೂತರೆಂದು ಸರ್ಕಾರ 1974ರಲ್ಲಿ ಅದನ್ನು ನಿಲ್ಲಿಸಿತು! ಹುವಾಂಗ್ ಅವರ ಮಕ್ಕಳ ಪಿಲಿ ಕಂಪನಿ 2016ರಲ್ಲಿ ಜಪಾನಿನವರ ಜೊತೆ ಸೇರಿ ‘ಥಂಡರ್‌ಬೋಲ್ಟ್ ಫ್ಯಾಂಟಸಿ’ ಎಂಬ ಗೊಂಬೆ ಧಾರಾವಾಹಿ ತೆಗೆಯಿತು.

ನಮ್ಮಲ್ಲಿ ಕಸುಬುದಾರರಿಗೆ ಬರವಿಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಗಾಂಧೀಜಿಯ ಬದುಕನ್ನೇ ತೊಗಲಿಗಿಳಿಸಿ ಊರೂರು ತೋರಿಸಿದರು. ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ಗೊಂಬೆಗೆ ಹೊಸ ಕೆಲಸ ಕೊಡೋಣ ಎಂದಾಗಲೆಲ್ಲ ನಮಗೆ ಹೊಳೆಯುವುದು ಶೌಚಾಲಯ, ಲಸಿಕೆ, ಮತದಾನದ ಪ್ರಚಾರ. ಕಿಳ್ಳೇಕ್ಯಾತನ ಕೈಗೆ ಇಲಾಖೆಯ ಕರಪತ್ರ ಕೊಟ್ಟು ಬುದ್ಧಿ ಹೇಳಿಸಿದರೆ ನಗುವವರು ಯಾರು? ಅವನು ಬುದ್ಧಿ ಹೇಳುವವನಲ್ಲ, ಬುದ್ಧಿ ಹೇಳುವವರನ್ನು ಅಣಕಿಸುವವನು.

ಅವನನ್ನು ಅವನ ಪಾಡಿಗೆ ಯೂಟ್ಯೂಬಿಗೆ ಬಿಟ್ಟು ನೋಡಬೇಕು. ಹಾಸನ ಜಿಲ್ಲೆಯಲ್ಲಿ ಅವನಿಗೆ ಸರಕಿಗೇನು ಕಡಿಮೆ? ಆಲೂಗಡ್ಡೆಯ ಧಾರಣೆ ಇದೆ, ತೋಟಕ್ಕೆ ನುಗ್ಗುವ ಆನೆ ಇದೆ, ವೋಟು ಕೇಳಲು ಬರುವವರಂತೂ ಇದ್ದೇ ಇದ್ದಾರೆ. ಬಂಗಾರಕ್ಕನ ಬಾಯಿಗೆ ಸಿಕ್ಕರೆ ಈ ಪತ್ರಿಕೆಯ ಸಂಪಾದಕರಿಗೂ ಉಳಿಗಾಲವಿಲ್ಲ.