ಹಕ್ಕುಗಳು: ಲೇಖಕರವು

ಈ ಸಂಚಿಕೆಗೆ ಒಂದು ಹಳೆಯ ಕತೆ ಆರಿಸಿದ್ದೆವು. ಬರೆದವರು ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಮಗಳಿಗೆ ಫೋನ್ ಮಾಡಿದರೆ, ‘ಹಕ್ಕು ಪ್ರಕಾಶಕರ ಹತ್ತಿರ ಇರಬೇಕು, ಅಪ್ಪ ಏನೂ ಹೇಳಿರಲಿಲ್ಲ’ ಎಂದರು. ಪ್ರಕಾಶಕರು, ‘ಹೌದು, ನಮ್ಮದೇ. ಧಾರಾಳವಾಗಿ ಹಾಕಿಕೊಳ್ಳಿ, ಕೆಳಗೆ ಕೃಪೆ ಅಂತ ನಮ್ಮ ಹೆಸರು ಕೊಡಿ’ ಎಂದರು. ಕರಾರುಪತ್ರ ಇದೆಯೇ ಎಂದದ್ದಕ್ಕೆ ನಕ್ಕುಬಿಟ್ಟರು. ‘ಆಗೆಲ್ಲ ಬಾಯಿಮಾತು ಸ್ವಾಮಿ. ಐವತ್ತು ಗೌರವಪ್ರತಿ ಕೊಟ್ಟಿದ್ದೆವಲ್ಲ!’

ಆ ನಗುವಿನಲ್ಲಿ ಕಪಟವೇನೂ ಇರಲಿಲ್ಲ. ಕನ್ನಡದ ಪುಸ್ತಕ ವ್ಯವಹಾರ ಬಹುಮಟ್ಟಿಗೆ ನಡೆದುಬಂದದ್ದೇ ಹೀಗೆ, ವಿಶ್ವಾಸದ ಮೇಲೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಗೆ ಬಾಯಿಮಾತು ಕೇಳಿಸುವುದಿಲ್ಲ. ಹಕ್ಕು ಕೈಬದಲಾಗಬೇಕಾದರೆ ಅದು ಬರಹದಲ್ಲಿರಬೇಕು, ಕೊಡುವವರ ರುಜು ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷಕ್ಕೆ ಮುಗಿಯಿತು ಎಂದೇ ಲೆಕ್ಕ. ಪಡೆದವರು ಒಂದು ವರ್ಷದೊಳಗೆ ಬಳಸದೆ ಹೋದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಬಳಸದ ಹಕ್ಕು ಬಿದ್ದುಹೋಗುತ್ತದೆ. ಆ ಕತೆಯ ಹಕ್ಕು ಒಂದು ದಿನವೂ ಲೇಖಕರ ಮನೆಯ ಹೊಸಿಲು ದಾಟಿರಲಿಲ್ಲ. ಮಗಳಿಗೆ ಅದು ಗೊತ್ತಿರಲಿಲ್ಲ, ಅಷ್ಟೆ. ಉಯಿಲು ಇಲ್ಲದಿದ್ದರೆ ಹೊಲಮನೆಯಂತೆ ಇದೂ ವಾರಸುದಾರರಿಗೆ ಬರುವ ಆಸ್ತಿ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಉಳಿಯುವಂಥದ್ದು. ಕ್ಯಾಲೆಂಡರಿನಿಂದ ಕಾಫಿ ಲೋಟದವರೆಗೆ ಎಲ್ಲೆಂದರಲ್ಲಿ ಅಚ್ಚಾಗುವ ‘ಮಂಕುತಿಮ್ಮನ ಕಗ್ಗ’ ಊರವರದೇ ಸ್ವತ್ತು ಎಂದು ನಂಬಿದವರು ಬಹಳ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. ಅದರ ಹಕ್ಕಿನ ಅವಧಿ ಮುಗಿಯುವುದು 2035ರ ಕೊನೆಗೆ.

ಬರೆದಿಟ್ಟರೂ ಸಾಲದು, ಬಿಡಿಸಿ ಬರೆಯಬೇಕು. ಶಿವರಾಮ ಕಾರಂತರು 1994ರಲ್ಲಿ ಉಯಿಲು ಬರೆದು, ತಮ್ಮ ಸಾಹಿತ್ಯ ಕೃತಿಗಳ ಹಕ್ಕನ್ನು ಬಹುಕಾಲ ತಮ್ಮ ಕೆಲಸಕ್ಕೆ ನೆರವಾದವರೊಬ್ಬರಿಗೆ ಕೊಟ್ಟಿದ್ದರು. 1997ರಲ್ಲಿ ಕಾರಂತರು ತೀರಿಕೊಂಡರು. ಅವರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಮಣಿಪಾಲದ ಸಂಸ್ಥೆಯೊಂದು 2001ರಲ್ಲಿ ದೆಹಲಿಯಲ್ಲಿ ಆಡಿಸಿದಾಗ, ಅನುಮತಿ ಪಡೆದಿಲ್ಲವೆಂದು ದಾವೆ ಹೂಡಲಾಯಿತು. ಕೋರ್ಟಿನ ಮುಂದೆ ಬಂದ ಪ್ರಶ್ನೆ ಯಾವ ವಿಮರ್ಶಕನಿಗೂ ಹಿಡಿಸುವಂಥದ್ದು: ವೇಷ, ಹೆಜ್ಜೆ, ರಂಗಚಲನೆಗಳಿಂದ ಆದ ಬ್ಯಾಲೆ ಸಾಹಿತ್ಯ ಕೃತಿಯೇ? ಅದು ನಾಟಕ ಕೃತಿ, ಕಾಯ್ದೆಯ ಕಣ್ಣಿಗೆ ಎರಡೂ ಬೇರೆ ಬೇರೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಹಾಗಿದ್ದರೆ ಉಯಿಲಿನಂತೆ ಅದರ ಹಕ್ಕು ಯಾರಿಗೆ? ಪುಣ್ಯಕ್ಕೆ, ಮಿಕ್ಕದ್ದೆಲ್ಲವೂ ಆ ನೆರವಾದವರಿಗೇ ಎಂಬರ್ಥದ ಕಲಮೊಂದು ಉಯಿಲಿನಲ್ಲಿತ್ತು. ಹಕ್ಕು ಉಳಿದದ್ದು ಅದರಿಂದ. ಟಿಕೆಟ್ ಇಲ್ಲದ ಪ್ರದರ್ಶನದಂಥವಕ್ಕೆ ಕಾಯ್ದೆ ಕೊಟ್ಟಿರುವ ವಿನಾಯಿತಿಗಳನ್ನು ಸಂಸ್ಥೆಯೂ ಬಳಸಿಕೊಳ್ಳಬಹುದು ಎಂದೂ ತೀರ್ಪು ಹೇಳಿತು. ಕಾರಂತರಂಥ ಕಾರಂತರು ಬರೆದಿಟ್ಟ ಕಾಗದಕ್ಕೇ ದೆಹಲಿಯವರೆಗೆ ಹೋಗಿ ಅರ್ಥ ಕೇಳಬೇಕಾಯಿತು.

ಇನ್ನು ನಮ್ಮ ಮನೆಯ ದೋಸೆಯ ತೂತು. ‘ಪ್ರಕಟವಾದ ಬರಹಗಳ ಎಲ್ಲ ಹಕ್ಕುಗಳೂ ಪತ್ರಿಕೆಯವು’ ಎಂಬ ಸಾಲು ನಮ್ಮ ಎರಡನೆಯ ಪುಟದ ಅಡಿಯಲ್ಲಿ ವರ್ಷಗಟ್ಟಲೆ ಅಚ್ಚಾಗಿದೆ. ಯಾರು ಬರೆದದ್ದೋ, ಯಾರೂ ತೆಗೆಯಲಿಲ್ಲ. ಪತ್ರಿಕೆಯ ನೌಕರರು ಬರೆದದ್ದಕ್ಕೂ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಯಲ್ಲಿ ಪ್ರಕಟಿಸುವಷ್ಟು ಹಕ್ಕು ಮಾತ್ರ ಮಾಲೀಕರದು. ಪುಸ್ತಕ ಮಾಡುವ, ಸಿನಿಮಾಕ್ಕೆ ಕೊಡುವ ಹಕ್ಕು ಬರೆದವರದೇ. ಹಾಗಿರುವಾಗ ಮನೆಯಲ್ಲಿ ಕೂತು ಬರೆದು ಅಂಚೆಗೆ ಹಾಕಿದವರ ಕತೆ ನಮ್ಮದಾಗುವುದೆಂತು? ಹೋದ ವರ್ಷ ಕತೆಗಾರ್ತಿಯೊಬ್ಬರು ತಮ್ಮದೇ ಸಂಕಲನಕ್ಕೆ ತಮ್ಮದೇ ಕತೆ ಸೇರಿಸಿಕೊಳ್ಳಲು ನಮ್ಮ ಅನುಮತಿ ಕೋರಿ ಪತ್ರ ಬರೆದಿದ್ದರು. ನಾವೂ ದೊಡ್ಡ ಮನಸ್ಸು ಮಾಡಿ ಅನುಮತಿ ದಯಪಾಲಿಸಿದೆವು! ‘ಕೃಪೆ: ನಮ್ಮ ಪತ್ರಿಕೆ’ ಎಂದು ಹಾಕಿರೆಂಬ ಷರತ್ತು ಬೇರೆ. ಆ ಪತ್ರದ ನಕಲು ಈಚೆಗೆ ಫೈಲಿನಲ್ಲಿ ಸಿಕ್ಕಾಗ ಓದಲು ನಾಚಿಕೆಯಾಯಿತು.

ಆ ಸಾಲನ್ನು ಈ ಸಂಚಿಕೆಯಿಂದ ತೆಗೆದಿದ್ದೇವೆ. ಇನ್ನು ಮುಂದೆ ನಮ್ಮ ಸ್ವೀಕೃತಿ ಪತ್ರದಲ್ಲಿ ಕೇಳುವುದು ಒಂದು ಸಲ ಅಚ್ಚು ಹಾಕುವ ಅನುಮತಿಯನ್ನು ಮಾತ್ರ. ಓದಿ ರೆಕಾರ್ಡ್ ಮಾಡುವುದಿದ್ದರೆ ಬೇರೆ ಕೇಳುತ್ತೇವೆ, ಬೇರೆ ದುಡ್ಡು ಕೊಡುತ್ತೇವೆ. ‘ಗೌರವಧನ’ ಎಂಬ ಮಾತನ್ನೂ ಬಿಟ್ಟು ‘ಸಂಭಾವನೆ’ ಎಂದು ಬರೆಯುತ್ತೇವೆ. ಮೊತ್ತ ಇನ್ನೂ ಚಿಕ್ಕದೇ, ಒಪ್ಪುತ್ತೇವೆ.

ಮಗಳ ರುಜು ಇರುವ ಪತ್ರ ಬಂತು, ಕತೆ ಒಳಪುಟಗಳಲ್ಲಿದೆ. ತೀರಿಕೊಂಡ ಲೇಖಕರ ಮನೆಯವರಲ್ಲಿ ಒಂದು ಕೋರಿಕೆ. ಹಳೆಯ ಟ್ರಂಕಿನಲ್ಲಿ ಕರಾರುಪತ್ರ ಇದೆಯೇ ನೋಡಿ. ಇರಲಿ, ಇಲ್ಲದಿರಲಿ, ಹಕ್ಕಿನ ವಿಚಾರಕ್ಕೆ ಯಾರನ್ನು ಕೇಳಬೇಕೆಂದು ನಮಗೊಂದು ಕಾರ್ಡು ಬರೆದು ತಿಳಿಸಿ.